ಮಡಿಕೇರಿಯಲ್ಲಿ ಮನೆ ಹುಡುಕಿದ ಮಳೆಗಾಲ

ಬಯಲುಸೀಮೆಯಲ್ಲಿ ಹುಟ್ಟಿ, ಎರೆಹೊಲದ ಬಿಸಿಲಿನಲ್ಲಿ ಬೆಳೆದವರಿಗೆ ಮಲೆನಾಡಿನ ತಂಪು ಎಂದಿಗೂ ತೀರದ ಹಂಬಲ. 1988ರಲ್ಲಿ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಮಡಿಕೇರಿಗೆ ಹೋಗಿದ್ದಾಗ ನನ್ನ ಮನೆಯವರೂ ಜೊತೆಗಿದ್ದರು. ರಾಜಾಸೀಟಿನ ಕಟ್ಟೆಯ ಮೇಲೆ ನಿಂತು, ಕಣಿವೆಯಿಂದ ಏಳುತ್ತಿದ್ದ ಮಂಜನ್ನು ನೋಡುತ್ತ, "ಇಲ್ಲೊಂದು ಸಣ್ಣ ಮನಿ ಇದ್ದಿದ್ದರ ಎಷ್ಟು ಛಲೋ ಇರತಿತ್ತು ನೋಡ್ರಿ" ಎಂದು ಅವರು ಅಂದದ್ದು ನನಗೆ ಇನ್ನೂ ಕಿವಿಯಲ್ಲಿದೆ. ಪ್ರವಾಸಕ್ಕೆ ಬಂದವರೆಲ್ಲ ಆಡುವ ಮಾತದು. ಆದರೆ ಆಕೆ ಅದನ್ನು ಮರೆಯಲಿಲ್ಲ. ಮಕ್ಕಳ ಓದು, ಮದುವೆ, ಊರಿನ ಹಿರಿಯರ ಆರೈಕೆ ಎಲ್ಲವೂ ಮುಗಿದು, ನಾನು ಮುಖ್ಯೋಪಾಧ್ಯಾಯನಾಗಿ ನಿವೃತ್ತನಾಗಿ ಕೆಲವು ವರ್ಷ ಕಳೆದ ಮೇಲೆ ಆ ಮಾತು ಮತ್ತೆ ಎದ್ದಿತು. ಕೈಯಲ್ಲಿ ಸ್ವಲ್ಪ ಹಣವಿತ್ತು. ಹಾವೇರಿಯ ಕಡೆ ಎರಡು ಎಕರೆ ಹೊಲ ಮಾರಿದರೆ ಇನ್ನಷ್ಟು ಕೂಡುತ್ತಿತ್ತು. ಹಿರಿಯರ ಹೊಲವನ್ನು ಮಾರಿ ಗುಡ್ಡದ ಮೇಲೆ ಮನೆ ಕೊಳ್ಳುವುದು ಸರಿಯೇ ಎಂಬ ಅಳುಕು ನನ್ನಲ್ಲಿ ಇದ್ದೇ ಇತ್ತು. ಇಬ್ಬರೂ ಅಕ್ಕಮಹಾದೇವಿಯ ಬೆಟ್ಟದ ವಚನವನ್ನು ನೆನೆದು ನಕ್ಕೆವು. ನಕ್ಕು, 2024ರ ಜನವರಿಯಲ್ಲಿ ಹೊರಟೆವು.

ಕೊಡಗಿಗೆ ರೈಲಿಲ್ಲ. ಮೈಸೂರಿಗೆ ಹೋಗಿ ಅಲ್ಲಿಂದ ಸುಮಾರು 120 ಕಿಲೋಮೀಟರು ರಸ್ತೆಯಲ್ಲೇ ಸಾಗಬೇಕು. ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದ ಮೇಲೆ ಸುಂಟಿಕೊಪ್ಪದ ಮಾರ್ಗವಾಗಿ ಬಸ್ಸು ಏರತೊಡಗುತ್ತದೆ. ಇಕ್ಕೆಲಗಳಲ್ಲಿ ಕಾಫಿಯ ತೋಟ, ಅದಕ್ಕೆ ನೆರಳಾಗಿ ನಿಂತ ಎತ್ತರದ ಮರಗಳು, ಆ ಮರಗಳಿಗೆ ತಬ್ಬಿಕೊಂಡ ಮೆಣಸಿನ ಬಳ್ಳಿ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿರುವ ಮಡಿಕೇರಿಯನ್ನು ಮುಟ್ಟಿದಾಗ ಜನವರಿಯ ಬಿಸಿಲು ಹಿತವಾಗಿತ್ತು. ಆಕಾಶ ತೊಳೆದಂತಿತ್ತು. ಜನವರಿಯಲ್ಲಿ ಮಡಿಕೇರಿಯನ್ನು ಕಂಡವರು ಯಾರಾದರೂ ಅಲ್ಲಿ ಮನೆ ಬೇಡವೆನ್ನಲಾರರು. ಆ ಊರಿನ ಮನೆ ವ್ಯಾಪಾರವೆಲ್ಲ ಹೆಚ್ಚಾಗಿ ಆ ತಿಂಗಳುಗಳಲ್ಲೇ ನಡೆಯುವುದೇಕೆಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಪತ್ರಿಕೆಯ ಓದುಗರಿಗೆ ಮಡಿಕೇರಿ ಬರಿಯ ತಂಪಿನ ಊರಲ್ಲ. ಜಂಗಮ ವೇಷದಲ್ಲಿ ಬಂದು ಹಾಲೇರಿಯಲ್ಲಿ ನೆಲೆಸಿ, ಜನರ ಮನ್ನಣೆಯಿಂದ ಅರಸನಾದ ವೀರರಾಜನ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಹಾಲೇರಿ ವಂಶದ ವೀರಶೈವ ಅರಸರಲ್ಲಿ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದನು. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆನ್ನುತ್ತಾರೆ. ಕನ್ನಡವನ್ನೇ ಆಡಳಿತದ ಭಾಷೆಯಾಗಿಟ್ಟುಕೊಂಡ ಮನೆತನವದು. ದೊಡ್ಡ ವೀರರಾಜೇಂದ್ರನು ತನ್ನ ವಂಶದ ಚರಿತ್ರೆಯಾದ 'ರಾಜೇಂದ್ರನಾಮೆ'ಯನ್ನು ಕನ್ನಡದಲ್ಲಿಯೇ ಬರೆಯಿಸಿದನು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಅರಮನೆ ಬಿಟ್ಟು ಹೊರಟ ಆ ಅರಸ ಕಾಶಿಯಲ್ಲಿದ್ದು, ಬಳಿಕ ಲಂಡನ್ನಿಗೆ ಹೋಗಿ, 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಆ ಮಂಜು, ಆ ಕಣಿವೆಗಳನ್ನು ಅವನು ಮತ್ತೆ ಕಾಣಲಿಲ್ಲ.

ಮೊದಲ ದಿನ ನಾವು ಗದ್ದಿಗೆಗೆ ಹೋದೆವು. ಊರಂಚಿನ ಎತ್ತರದ ನೆಲದಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳು ಒಂದರ ಪಕ್ಕ ಒಂದು ನಿಂತಿವೆ. ನಡುವೆ ಗುಮ್ಮಟ, ಮೂಲೆಗಳಲ್ಲಿ ಗೋಪುರ, ಅವುಗಳ ಬದಿಗೆ ನಂದಿಯ ವಿಗ್ರಹಗಳು. ಮಸೀದಿಯ ಆಕಾರದಲ್ಲಿ ಶಿವನ ವಾಹನ ಕುಳಿತಿರುವುದನ್ನು ಕಂಡು ಮೊದಲ ಸಲ ನೋಡುವವರು ಬೆರಗಾಗುತ್ತಾರೆ. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ್ದೂ ಇದೇ ಬಗೆಯ ಶಿಲ್ಪ. ಅದು ತಗ್ಗಿನಲ್ಲಿದೆ, ಎದುರಿಗೆ ಕೊಳವಿದೆ. ಆಗ ನಾನು ಇವನ್ನೆಲ್ಲ ಪ್ರವಾಸಿಯ ಕಣ್ಣಿನಿಂದಲೇ ನೋಡಿದೆ. ಗದ್ದಿಗೆ ಏಕೆ ದಿಬ್ಬದ ಮೇಲಿದೆ, ಕೊಳ ಏಕೆ ತಗ್ಗಿನಲ್ಲಿದೆ ಎಂದು ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ಹುಟ್ಟಲು ಒಂದು ಮಳೆಗಾಲ ಬೇಕಾಯಿತು.

ಮರುದಿನ ದಳ್ಳಾಳಿಯೊಬ್ಬರು ನಾಲ್ಕು ಮನೆಗಳನ್ನು ತೋರಿಸಿದರು. ಮೂರು ನಮ್ಮ ಅಳತೆಗೆ ಮೀರಿದವು. ನಾಲ್ಕನೆಯದನ್ನು ಕಂಡು ನನ್ನ ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು. ಊರ ಹೊರವಲಯದ ಇಳಿಜಾರಿನಲ್ಲಿ ಹೊಸದಾಗಿ ಕಟ್ಟಿದ ಮನೆ. ಮುಂದಿನ ಕೋಣೆಯ ಗೋಡೆಯೇ ಇಲ್ಲ, ಪೂರಾ ಗಾಜು. ಗಾಜಿನಾಚೆ ಕಣಿವೆ, ಅದರಾಚೆ ನೀಲಿ ಬೆಟ್ಟಗಳ ಸಾಲು. ಅಡಿಗೆಮನೆಯ ಕಿಟಕಿಯಿಂದಲೂ ಬೆಟ್ಟ ಕಾಣುತ್ತಿತ್ತು. ಮನೆಯ ಹಿಂದೆ ಗುಡ್ಡವನ್ನು ಇಪ್ಪತ್ತು ಅಡಿಯಷ್ಟು ನೇರವಾಗಿ ಕಡಿದಿದ್ದರು. ಕಡಿದ ಮಣ್ಣನ್ನೇ ಮುಂದಕ್ಕೆ ಸುರಿದು ಅಂಗಳ ಮಾಡಿದ್ದರು. ಅದನ್ನು ನಾನು ಗಮನಿಸಿದೆ, ಜಾಗ ಉಳಿಸುವ ಜಾಣತನವೆಂದು ಮೆಚ್ಚಿಯೂ ಮೆಚ್ಚಿದೆ. ಮಾಲೀಕರು 85 ಲಕ್ಷ ಕೇಳಿದರು. ಮಾತುಕತೆಗೆ ಅವಕಾಶವಿದೆಯೆಂದೂ, ಬೆಂಗಳೂರಿನವರು ಇಬ್ಬರು ಬಂದು ನೋಡಿಹೋಗಿದ್ದಾರೆಂದೂ, 5 ಲಕ್ಷ ಮುಂಗಡ ಕೊಟ್ಟರೆ ಯುಗಾದಿಯವರೆಗೆ ಕಾಯುವುದಾಗಿಯೂ ಹೇಳಿದರು. ನಾನು ಚೆಕ್ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ.

ಅಂದು ಸಂಜೆ ನಾವು ಇಳಿದುಕೊಂಡಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಕೊಡವ ತಾಯಿ, ನಮ್ಮ ಸಡಗರವನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಕೇಳಿದರು: "ನೀವು ಮನೆಯನ್ನು ಜನವರಿಯಲ್ಲಿ ನೋಡಿದ್ದೀರಿ. ಜುಲೈಯಲ್ಲಿ ನೋಡಿದ್ದೀರಾ?"

ನನ್ನ ಮನೆಯವರ ಮುಖ ಸ್ವಲ್ಪ ಕುಗ್ಗಿತು. ಆ ತಾಯಿ ಒತ್ತಾಯಿಸಲಿಲ್ಲ. ತಮ್ಮ ಮನೆಯ ಕೆಳಭಾಗದ ಎರಡು ಕೋಣೆ ಖಾಲಿಯಿವೆಯೆಂದೂ, ಜೂನಿನಿಂದ ಮೂರು ತಿಂಗಳು ಬಾಡಿಗೆಗೆ ಕೊಡುವುದಾಗಿಯೂ ಹೇಳಿದರು. ಮುಂಗಡದ ಚೆಕ್ಕು ಬರೆಯಲಿಲ್ಲ. ಕೈಬಿಟ್ಟು ಹೋಗುವುದಾದರೆ ಹೋಗಲಿ ಎಂದುಕೊಂಡು ಊರಿಗೆ ಮರಳಿದೆವು. ಈ ಒಂದು ನಿರ್ಧಾರಕ್ಕಾಗಿ ನಮ್ಮಿಬ್ಬರಲ್ಲಿ ಎರಡು ವಾರ ಮಾತು ಕಡಿಮೆಯಾಗಿತ್ತೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಜೂನ್ ಮೊದಲ ವಾರದಲ್ಲಿ ಹಾಸಿಗೆ, ಪಾತ್ರೆ, ಒಂದು ಚೀಲ ಜೋಳದ ಹಿಟ್ಟು, ಹತ್ತಾರು ಪುಸ್ತಕಗಳೊಡನೆ ಹೋಗಿ ಇಳಿದೆವು. ನಮ್ಮ ಕಡೆ ವರ್ಷಕ್ಕೆ 700–800 ಮಿಲಿಮೀಟರು ಮಳೆಯಾದರೆ ಒಳ್ಳೆಯ ವರ್ಷ. ಮಡಿಕೇರಿಯಲ್ಲಿ ಸಾಮಾನ್ಯ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್, ಜುಲೈ, ಆಗಸ್ಟುಗಳ ಮೂರೇ ತಿಂಗಳಲ್ಲಿ. ಈ ಅಂಕಿಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೆ. ಅದರೊಳಗೆ ವಾಸಿಸುವುದು ಬೇರೆಯೇ ಸಂಗತಿ. ಹತ್ತು ದಿನಗಳಲ್ಲಿ ಜೋಳದ ಹಿಟ್ಟು ಮುಗ್ಗಲು ಹಿಡಿಯಿತು. ಚಪ್ಪಲಿಯ ಮೇಲೆ ಹಸಿರು ಬೂಷ್ಟು ಬಂತು. ಪುಸ್ತಕದ ರಟ್ಟುಗಳು ಬಾಗಿದವು. ಒಗೆದ ಧೋತರ ನಾಲ್ಕು ದಿನವಾದರೂ ಒಣಗದೆ, ಒಲೆಯ ಮೇಲಿನ ತಂತಿಗೆ ಹಾಕಿ ಹೊಗೆಯ ವಾಸನೆಯೊಡನೆ ಉಟ್ಟುಕೊಳ್ಳಬೇಕಾಯಿತು. ಪೂಜೆಯ ವಿಭೂತಿಯ ಗಟ್ಟಿಯೂ ತೇವವಾಗಿ ಬೆರಳಿಗೆ ಕೆಸರಿನಂತೆ ಅಂಟುತ್ತಿತ್ತು. ಮರ ಬಿದ್ದು ತಂತಿ ಹರಿದರೆ ಒಂದು ದಿನ, ಕೆಲವೊಮ್ಮೆ ಎರಡು ದಿನ ದೀಪವಿಲ್ಲ. ನನ್ನ ಮನೆಯವರಿಗೆ ಮೊಣಕಾಲ ನೋವು. ಆ ತಂಪಿನಲ್ಲಿ ಅದು ಹೆಚ್ಚಾಯಿತು. ಆದರೂ ಆಕೆ ಗೊಣಗಲಿಲ್ಲ. ಮನೆಯೊಡತಿಯ ಜೊತೆ ಒಲೆಯ ಮುಂದೆ ಕುಳಿತು ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕುವುದನ್ನು, ಕೆಸುವಿನ ಸೊಪ್ಪಿನ ತುರಿಕೆ ಹೋಗುವಂತೆ ಹುಳಿ ಹಾಕಿ ಬೇಯಿಸುವುದನ್ನು ಕಲಿತರು. ಜೋಳದ ರೊಟ್ಟಿಯ ಬದಲು ಅಕ್ಕಿರೊಟ್ಟಿ ಬಂತು. ಶುಕ್ರವಾರದ ಸಂತೆಗೆ ಇಬ್ಬರೂ ಕೊಡೆ ಹಿಡಿದು ಹೋಗುವುದು ಅಭ್ಯಾಸವಾಯಿತು.

ಮಡಿಕೇರಿಯ ಹಳೆಯ ನಿವಾಸಿಗಳು ಮಳೆಯನ್ನು ಬಯ್ಯುವುದಿಲ್ಲ, ಅದಕ್ಕೆ ಸಿದ್ಧರಾಗುತ್ತಾರೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುತ್ತಾರೆ. ಸೌದೆಯನ್ನು ಒಳಗೆ ಒಟ್ಟುತ್ತಾರೆ. ತಾರಸಿ ಮನೆಯವರು ಅದರ ಮೇಲೆ ತಗಡಿನ ಮಾಡು ಹಾಕಿಸುತ್ತಾರೆ. ಬಯಲುಸೀಮೆಯವರಿಗೆ ಇದು ಎರಡು ಸೂರಿನ ದುಂದಾಗಿ ಕಂಡೀತು, ಒಂದು ಮಳೆಗಾಲ ಸೋರಿದ ಮೇಲೆ ಹಾಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಮೊದಲು ಮನೆಯ ಸುತ್ತಲಿನ ಚರಂಡಿಯನ್ನು ಕೆತ್ತಿ ಸ್ವಚ್ಛಮಾಡುತ್ತಾರೆ. ನಮ್ಮ ಮನೆಯೊಡತಿ ಕೋಲೂರಿಕೊಂಡೇ ಬಂದು ದಿನಕ್ಕೆ ಎರಡು ಸಲ ಆ ಚರಂಡಿಯನ್ನು ನೋಡಿಹೋಗುತ್ತಿದ್ದರು. ನೀರು ತಿಳಿಯಾಗಿ ಹರಿಯುತ್ತಿದ್ದರೆ ಸುಮ್ಮನೆ ಒಳಗೆ ಹೋಗುತ್ತಿದ್ದರು.

ಅವರ ಈ ಎಚ್ಚರಿಕೆಗೆ ಕಾರಣವಿತ್ತು. 2018ರ ಆಗಸ್ಟ್ ನಡುವಿನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ನೂರಾರು ಕಡೆ ಜಾರಿದುದನ್ನು ಓದುಗರು ಮರೆತಿರಲಾರರು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಎಂಬ ಹೆಸರುಗಳು ಆ ವಾರ ದಿನಪತ್ರಿಕೆಗಳಲ್ಲಿ ತುಂಬಿದ್ದವು. ಊರೊಳಗಿನ ಬಡಾವಣೆಗಳಲ್ಲೂ ಮನೆಗಳು ಕುಸಿದವು. ಇಪ್ಪತ್ತರಷ್ಟು ಜನ ಸತ್ತರು. ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು. ಮಂಗಳೂರಿನ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಮನೆಯೊಡತಿಯ ತವರಿನ ಕಡೆಯವರು ಮಕ್ಕಂದೂರಿನ ಬಳಿ ತೋಟ ಮಾಡಿದ್ದರಂತೆ. "ತೋಟ ಹೋಯಿತು ಎಂದರೆ ಬೆಳೆ ಹೋಯಿತು ಅಂತ ಅಲ್ಲ ಮೇಷ್ಟ್ರೇ. ತೋಟವೇ ಎದ್ದು ಕೆಳಗೆ ಹೋಯಿತು. ಗಡಿಕಲ್ಲು ಎಲ್ಲಿತ್ತು ಎಂದು ತೋರಿಸಲು ಗಡಿಯೇ ಉಳಿಯಲಿಲ್ಲ" ಎಂದರು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಮರುವರ್ಷವೇ, 2019ರ ಆಗಸ್ಟಿನಲ್ಲಿ, ವಿರಾಜಪೇಟೆಯ ಕಡೆಯ ತೋರದಲ್ಲಿ ಗುಡ್ಡ ಜಾರಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು, ಅಲ್ಲಿನ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು.

ಹಾಗಾದರೆ ಇದು ಬರಿಯ ಮಳೆಯ ಕೆಲಸವೇ? ಅತಿವೃಷ್ಟಿ ಮುಖ್ಯ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ 2018ರ ಅನಾಹುತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ರಸ್ತೆಗೆ, ಮನೆಗೆ, ತೋಟಕ್ಕೆಂದು ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದುದನ್ನೂ ಎತ್ತಿ ತೋರಿಸಿದರು. ಬೆಟ್ಟವೆಂದರೆ ನಾವು ತಿಳಿದಂತೆ ಗಟ್ಟಿ ಬಂಡೆಯಲ್ಲ. ಮೇಲೆ ಹತ್ತಾರು ಅಡಿ ಮೆತ್ತಗಿನ ಮಣ್ಣು, ಕೆಳಗೆಲ್ಲೋ ಬಂಡೆ. ಮಳೆಯ ನೀರು ಮಣ್ಣಿನೊಳಗೆ ಇಳಿದು, ಬಂಡೆಯ ಮೇಲಿಂದ ಹಾದಿ ಮಾಡಿಕೊಂಡು, ಎಲ್ಲೋ ಒಂದು ಕಡೆ ಹೊರಬರುತ್ತದೆ. ಇಲ್ಲಿನವರು ಅದನ್ನು 'ಜಲ ಏಳುವುದು' ಎನ್ನುತ್ತಾರೆ. ಆಷಾಢದಲ್ಲಿ ಕೆಲವರ ಅಡಿಗೆಮನೆಯ ನೆಲದಲ್ಲೇ ಜಲ ಏಳುತ್ತದೆ. ಅದು ಬರುವ ಹಾದಿಯನ್ನು ಬಿಟ್ಟುಕೊಟ್ಟರೆ ಅಪಾಯವಿಲ್ಲ. ಸಿಮೆಂಟು ಹಾಕಿ ಮುಚ್ಚಿದರೆ ಅದು ಮಣ್ಣಿನೊಳಗೇ ತುಂಬಿ, ಮಣ್ಣಿನ ಭಾರ ಹೆಚ್ಚಿ, ಒಂದು ರಾತ್ರಿ ಬರೆ ಜಾರುತ್ತದೆ. ಬರೆಯೆಂದರೆ ಕಡಿದ ಗುಡ್ಡದ ಗೋಡೆ. ಮಳೆಗಾಲದಲ್ಲಿ ಮಡಿಕೇರಿಯಲ್ಲಿ ಅತಿ ಹೆಚ್ಚು ಕೇಳಿಬರುವ ಪದ ಇದೇ.

ಜುಲೈ ನಡುವಿನಲ್ಲಿ ಮಳೆ ಬಿಡದೆ ಹಿಡಿದಿದ್ದಾಗ, ಮನೆಯೊಡತಿಯ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಆ ಗಾಜಿನ ಮನೆಯನ್ನು ನೋಡಲು ಹೋದೆ. ಅದು ಇನ್ನೂ ಮಾರಾಟವಾಗಿರಲಿಲ್ಲ. ಕಣಿವೆ ಕಾಣಲಿಲ್ಲ, ಗಾಜಿನಾಚೆ ಸುಣ್ಣ ಬಳಿದಂತೆ ಬರಿಯ ಬಿಳುಪು. ಹಿಂದಿನ ಬರೆಯ ಮೇಲೆ ನೀಲಿ ಟಾರ್ಪಾಲು ಹೊದಿಸಿ ಮರಳಿನ ಚೀಲ ಹೇರಿದ್ದರು. ಮೇಸ್ತ್ರಿ ಮನೆಯೊಳಕ್ಕೆ ಬರಲೇ ಇಲ್ಲ. ಛತ್ರಿ ಹಿಡಿದು ಮೊದಲು ಹಿಂದಕ್ಕೆ ಹೋದರು, ಆಮೇಲೆ ಅಂಗಳದ ಕೆಳಗಿನ ತಡೆಗೋಡೆಯ ಬುಡಕ್ಕೆ ಇಳಿದರು. ಗೋಡೆಯಲ್ಲಿ ನೀರು ಹೊರಹೋಗಲು ಬಿಟ್ಟ ರಂಧ್ರಗಳು ಒಣಗಿದ್ದವು. ಪಕ್ಕದ ಮೆಟ್ಟಿಲ ಅಡಿಯಿಂದ ಮಾತ್ರ ಹಳದಿ ನೀರು ಒಸರುತ್ತಿತ್ತು. ಮೇಸ್ತ್ರಿ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನನಗೆ ತೋರಿಸಿದರು. "ಸಾರ್, ತಿಳಿನೀರು ಬಂದರೆ ಬರಲಿ, ಹೆದರುವುದಿಲ್ಲ. ಕಲಸಿದ ನೀರು ಬಂದರೆ ಒಳಗಿನ ಮಣ್ಣು ಬರುತ್ತಾ ಇದೆ ಅಂತ ಅರ್ಥ. ಬಿಟ್ಟ ತೂತಲ್ಲಿ ಬಾರದೆ ಬಿಡದ ಕಡೆ ಬರುತ್ತಾ ಇದೆ, ನೋಡಿ." ಅಂಗಳದ ಅಂಚಿನಲ್ಲಿ ಉದ್ದಕ್ಕೆ ಒಂದು ಬಿರುಕು. ಬೆರಳು ಇಟ್ಟರೆ ಉಗುರಿನವರೆಗೆ ಇಳಿಯಿತು. ಮಾಲೀಕರ ಕಡೆಯವರು ಅದು ಗಾರೆಯ ಬಿರುಕೆಂದೂ, ಬೇಸಿಗೆಯಲ್ಲಿ ಮುಚ್ಚಿಸಿಕೊಡುವುದಾಗಿಯೂ ಹೇಳಿದರು. ಜನವರಿಯಲ್ಲಿ ನಾನು ಕಂಡ ಅಂಗಳವೂ ಹಾಗೆ ಮುಚ್ಚಿಸಿದ್ದೇ ಇರಬಹುದು.

ಅದೇ ತಿಂಗಳು 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬೆಟ್ಟವೇ ಹರಿದುಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿ ಮಡಿಕೇರಿಯಲ್ಲೂ ಮಳೆ ಜೋರಾಗಿತ್ತು. ಬೆಳಿಗ್ಗೆ ಸುದ್ದಿ ತಿಳಿದಾಗ ನಮ್ಮ ಓಣಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಊರಿನಿಂದ ಮಗನ ದೂರವಾಣಿ ಬಂತು: "ಅಪ್ಪಾಜಿ, ಸಾಕು, ಈಗಲೇ ಹೊರಟು ಬರ್ರಿ." ನಾನು ಹೊರಡಲು ಸಿದ್ಧನಿದ್ದೆ. ನನ್ನ ಮನೆಯವರು ಒಪ್ಪಲಿಲ್ಲ. "ಇಲ್ಲಿ ಇರೋ ಮಂದಿ ಎಲ್ಲಿಗೆ ಹೋಗಬೇಕ್ರಿ?" ಎಂದರು. ನಾಲ್ಕು ದಿನಕ್ಕೆ, ಆಗಸ್ಟ್ 3ರಂದು, ಕಕ್ಕಡದ ಹದಿನೆಂಟು. ಅಂದು ಮದ್ದು ಸೊಪ್ಪಿನಲ್ಲಿ ಔಷಧದ ಗುಣ ತುಂಬಿರುತ್ತದೆಯೆಂದು ಕೊಡಗಿನವರು ಅದರ ರಸದಲ್ಲಿ ಪಾಯಸ ಮಾಡುತ್ತಾರೆ. ಮನೆಯೊಡತಿ ನೇರಳೆ ಬಣ್ಣದ ಆ ಪಾಯಸವನ್ನು ತಂದುಕೊಟ್ಟು, ನಾವು ಉಣ್ಣುವವರೆಗೂ ಎದುರಿಗೇ ಕುಳಿತರು.

ಮನೆ ಕೊಳ್ಳುವ ಕಾಗದಪತ್ರಗಳ ವಿಚಾರವನ್ನೂ ಓದುಗರಿಗೆ ಇಲ್ಲಿ ತಿಳಿಸುವುದು ಒಳಿತು, ಏಕೆಂದರೆ ಇತರ ಜಿಲ್ಲೆಗಳ ಅನುಭವ ಕೊಡಗಿನಲ್ಲಿ ಪೂರಾ ನಡೆಯುವುದಿಲ್ಲ. ಋಣಭಾರ ಪತ್ರ, ನಗರಸಭೆಯ ಖಾತೆ, ತೆರಿಗೆಯ ರಸೀದಿ, ಕಟ್ಟಡದ ಅನುಮತಿ ಇವೆಲ್ಲ ಎಲ್ಲ ಕಡೆಯಂತೆಯೇ. ಹೊರವಲಯದ ನಿವೇಶನವಾದರೆ ಮೂಲ ಭೂಮಿ ಯಾವುದೆಂದು ಕೇಳಲೇಬೇಕು. 2020ರ ತಿದ್ದುಪಡಿಯ ಅನಂತರ ನಮ್ಮ ರಾಜ್ಯದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಆದರೆ ಅದರಲ್ಲಿ ಮನೆ ಕಟ್ಟಲು ಭೂ ಪರಿವರ್ತನೆಯ ಆದೇಶ ಬೇಕು. ಇದು ಬಿಟ್ಟರೆ ಕೊಡಗಿಗೇ ವಿಶೇಷವಾದ ಜಮ್ಮಾ ಬಾಣೆಯ ಪ್ರಶ್ನೆಯಿದೆ. ಅರಸರ ಕಾಲದಿಂದ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಗದ್ದೆಗಳಿಗೆ ಸೊಪ್ಪು, ಸೌದೆ, ಮೇವಿಗೆಂದು ಹೊಂದಿಸಿಕೊಟ್ಟ ಮೇಲಿನ ನೆಲವೇ ಬಾಣೆ. ಅದು ಒಬ್ಬನ ಸ್ವತ್ತಲ್ಲ, ಒಕ್ಕದ ಸ್ವತ್ತು. ಪಟ್ಟೆದಾರನ ಹೆಸರಿನೊಡನೆ ಹತ್ತಾರು ಜನರ ಹೆಸರು ದಾಖಲೆಯಲ್ಲಿರುವುದುಂಟು. ಅಣ್ಣ ಮಾರಲು ಒಪ್ಪಿದನೆಂದು ಹಣ ಕೊಟ್ಟರೆ, ಮುಂಬಯಿಯಲ್ಲಿರುವ ದಾಯಾದಿ ಹತ್ತು ವರ್ಷದ ಮೇಲೆ ಬಂದು ಕೇಳಬಹುದು. ತೋಟದ ಜೊತೆ ಮನೆ ಕೊಳ್ಳುವವರು ಮರಗಳ ಮೇಲಿನ ಹಕ್ಕು ತಮಗಿದೆಯೋ ಸರಕಾರಕ್ಕಿದೆಯೋ ಎಂಬುದನ್ನೂ ನೋಡಬೇಕು. ಮಡಿಕೇರಿಯ ವಕೀಲರೊಬ್ಬರು ನನಗೆ ಇದನ್ನೆಲ್ಲ ಎರಡು ಸಂಜೆ ಕೂರಿಸಿ ವಿವರಿಸಿದರು. ಊರಿನ ನಮ್ಮ ವಕೀಲರಿಗೆ ಇದರ ಗಂಧವೂ ಇರಲಿಲ್ಲ.

ಇಳಿಜಾರು ಬೇಡವಾದರೆ ಕುಶಾಲನಗರಕ್ಕೆ ಹೋಗಿ ಎಂದು ಕೆಲವರು ಸಲಹೆಯಿತ್ತರು. ಅಲ್ಲಿ ಮಳೆ ಬಹಳ ಕಡಿಮೆ, ನೆಲ ಮಟ್ಟಸ. ಆದರೆ 2018 ಮತ್ತು 2019ರಲ್ಲಿ ಕಾವೇರಿ ತುಂಬಿದಾಗ ನದಿಯ ಬಳಿಯ ಬಡಾವಣೆಗಳಲ್ಲಿ ಮನೆಯೊಳಕ್ಕೆ ನೀರು ನುಗ್ಗಿತ್ತು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಇನ್ನೊಂದು ಮಾತು, ಹೇಳಲು ಸ್ವಲ್ಪ ಮುಜುಗರವಾದರೂ ಹೇಳಬೇಕು. ಮನೆ ಹುಡುಕುತ್ತ ಅಲೆದಾಗ ನಾನು ಕಂಡ ಚೆಂದದ ಮನೆಗಳಲ್ಲಿ ಎಷ್ಟೋ ಮುಚ್ಚಿದ್ದವು. ಒಡೆಯರು ದೂರದ ನಗರಗಳಲ್ಲಿ. ಕಾವಲಿನವನೊಬ್ಬ ಹಿಂದಿನ ಕೋಣೆಯಲ್ಲಿ. ವಾರಾಂತ್ಯದಲ್ಲಿ ಅವು ಅತಿಥಿಗೃಹಗಳಾಗುತ್ತವೆ. ರಾಜಾಸೀಟಿನ ರಸ್ತೆಯಲ್ಲಿ ಕಾರುಗಳು ಅಲುಗಾಡುವುದಿಲ್ಲ. ಮೂರು ಸಾವಿರ ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಬಂದರೆ ನಲ್ಲಿಯ ನೀರಿಗೆ ಕಾಯಬೇಕು. ಬಿದ್ದ ನೀರೆಲ್ಲ ಇಳಿಜಾರಿನಲ್ಲಿ ಓಡಿಹೋಗುತ್ತದೆ, ಉಳಿದದ್ದಕ್ಕೆ ಹೊರಗಿನಿಂದ ಬಂದವರೂ ಪಾಲುದಾರರು. ನಮ್ಮಂತಹವರು ಹೊಲ ಮಾರಿ ತಂದ ಹಣದಿಂದ ಬೆಲೆ ಏರಿ, ಅಲ್ಲಿಯೇ ಹುಟ್ಟಿದ ಗುಮಾಸ್ತ, ಮೇಸ್ತ್ರಿ, ಶಾಲೆಯ ಮಾಸ್ತರು ಮನೆ ಕೊಳ್ಳಲಾರದೆ ಬರೆಯ ಅಂಚಿಗೆ ಸರಿಯುತ್ತಾರೆ. 2018ರಲ್ಲಿ ಊರೊಳಗೆ ಕುಸಿದ ಮನೆಗಳಲ್ಲಿ ಅಂತಹವರವೇ ಹೆಚ್ಚೆಂದು ಮೇಸ್ತ್ರಿ ಹೇಳಿದರು. ಹಾಗಿದ್ದ ಮೇಲೆ ನೀನೇಕೆ ಕೊಂಡೆ ಎಂದು ಓದುಗರು ಕೇಳಿದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೊಂಡರೆ ಬೀಗ ಹಾಕಿಡುವುದಿಲ್ಲ, ವಾಸವಾಗಿರುತ್ತೇವೆ ಎಂದಷ್ಟೇ ನಾವಿಬ್ಬರೂ ಮಾತಾಡಿಕೊಂಡೆವು.

ಆಗಸ್ಟಿನ ಕೊನೆಗೆ ಮಳೆ ಹದಕ್ಕೆ ಬಂದಾಗ ಮತ್ತೊಮ್ಮೆ ಗದ್ದಿಗೆಗೆ ಹೋದೆವು. ಮೂರು ತಿಂಗಳು ಮಳೆ ಹೊಯ್ದಿದ್ದರೂ ಅಂಗಳದಲ್ಲಿ ನೀರು ನಿಂತಿರಲಿಲ್ಲ. ದಿಬ್ಬದ ನೆತ್ತಿಯ ಮಟ್ಟಸ ನೆಲ; ಹಿಂದೆ ಕಡಿದ ಬರೆಯಿಲ್ಲ, ಮುಂದೆ ಸುರಿದ ಮಣ್ಣಿಲ್ಲ. ಬಿದ್ದ ನೀರು ಎಲ್ಲ ಕಡೆಗೂ ತಾನಾಗಿ ಇಳಿದುಹೋಗುತ್ತದೆ. ಓಂಕಾರೇಶ್ವರದ ತಗ್ಗಿನಲ್ಲಿ ಕೊಳ ತುಂಬಿ ನಿಂತಿತ್ತು. ಮನುಷ್ಯ ಮಲಗುವ ಕಡೆ ನೀರು ನಿಲ್ಲದಂತೆಯೂ, ನೀರು ನಿಲ್ಲುವ ಕಡೆ ಅದಕ್ಕೇ ಜಾಗ ಬಿಟ್ಟುಕೊಟ್ಟೂ ಆ ಅರಸರ ಕಾಲದ ಕಟ್ಟಡದವರು ಕೆಲಸ ಮಾಡಿದ್ದರು. ಇದು ಅವರ ಶಾಸ್ತ್ರವೋ ಅಭ್ಯಾಸವೋ ನಾನರಿಯೆ. ಕಣ್ಣಿಗೆ ಕಂಡದ್ದನ್ನು ಬರೆಯುತ್ತಿದ್ದೇನೆ. ಅಂದಿನಿಂದ ಮನೆ ನೋಡಲು ಹೋದಾಗಲೆಲ್ಲ ನಾನೂ ಮೇಸ್ತ್ರಿಯಂತೆ ಮೊದಲು ಹಿತ್ತಲಿಗೇ ಹೋಗತೊಡಗಿದೆ.

ಕೊನೆಗೆ ಸಿಕ್ಕಿದ ಮನೆಗೆ ಯಾವ ನೋಟವೂ ಇಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಮಟ್ಟಸವಾದ ನೆಲದ ಮೇಲೆ ನಾಲ್ಕು ಕೋಣೆಯ ಹಳೆಯ ಹೆಂಚಿನ ಮನೆ. ಮುಂದೆ ನೆರೆಯವರ ಗೋಡೆ, ಹಿಂದೆ ಒಂದು ಹಲಸಿನ ಮರ, ಅದು ನೆಟ್ಟಗೆ ನಿಂತಿದೆ. ಬೆಟ್ಟಗುಡ್ಡ ಕಾಣಬೇಕಾದರೆ ರಾಜಾಸೀಟಿನವರೆಗೆ ನಡೆಯಬೇಕು. ನನ್ನ ಮನೆಯವರು ಮನೆಯನ್ನೆಲ್ಲ ಸುತ್ತಿ ಬಂದು, "ಇದನ್ನ ನೋಡಾಕ ಮೂವತ್ತಾರು ವರ್ಷ ಕಾದಿವೇನ್ರಿ?" ಎಂದು ಕೇಳಿದರು. ಆಮೇಲೆ ಒಲೆಯ ಕಟ್ಟೆಯ ಮೇಲೆ ಕೈಯಾಡಿಸಿ, "ಹೊಗಿ ಛಲೋ ಹೋಗತದ" ಎಂದರು. ಅದೇ ಒಪ್ಪಿಗೆಯಾಯಿತು. ಮಾರುವ ಹಿರಿಯರ ಇಬ್ಬರು ಮಕ್ಕಳು ಪರದೇಶದಲ್ಲಿದ್ದರು. ಅವರ ಅಧಿಕಾರ ಪತ್ರಗಳು ಬಂದು ನೋಂದಣಿಯಾಗುವಾಗ 2025ರ ಫೆಬ್ರವರಿ. ತೋಟಗಳಲ್ಲಿ ಕಾಫಿ ಹೂವು ಬಿಡುವ ಕಾಲ. ಹೊಲದಲ್ಲಿ ಒಂದು ಎಕರೆಯನ್ನಷ್ಟೇ ಮಾರಿದೆವು, ಇನ್ನೊಂದು ಉಳಿದಿದೆ.

ಮೇ ಕೊನೆಯ ವಾರದಲ್ಲಿ ಹೆಂಚು ಕೈಯಾಡಿಸಿಕೊಡುವುದಾಗಿ ಮೇಸ್ತ್ರಿ ಒಪ್ಪಿದ್ದರು. ಆದರೆ ಆ ವರ್ಷ ಮುಂಗಾರು ಮೇ ತಿಂಗಳಲ್ಲೇ ಬಂದುಬಿಟ್ಟಿತು. ಮೊದಲ ರಾತ್ರಿ ಮೂರು ಕಡೆ ಸೋರಿತು. ಹಾಸಿಗೆಯನ್ನು ಮೂಲೆಗೆ ಎಳೆದು, ಊರಿನಿಂದ ತಂದ ಹಿತ್ತಾಳೆಯ ಪಾತ್ರೆಗಳನ್ನು ಸೋರುವ ಕಡೆ ಇಟ್ಟೆವು. ಬೆಳಗಿನ ಜಾವ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ನೋಡುತ್ತೇನೆ, ನನ್ನ ಮನೆಯವರು ಹಾಸಿಗೆಯಲ್ಲಿಲ್ಲ. ಲಾಟೀನು ಹಿಡಿದು, ಸೆರಗನ್ನು ತಲೆಗೆ ಹೊದ್ದು, ಹಿತ್ತಲಲ್ಲಿ ಚರಂಡಿಯ ಮೇಲೆ ಬಗ್ಗಿ ನಿಂತಿದ್ದರು. "ತಿಳಿನೀರು ಹರಿಯಾಕತ್ತದ್ರಿ" ಎಂದು ಅಲ್ಲಿಂದಲೇ ಕೂಗಿ ಹೇಳಿದರು.